ಇವತ್ತೊಂದಿನ ಇರ್ಲೇನ್ರಿ?

ಮನುಷ್ಯ ಮನೆ ಕಟ್ಟಿಕೊಂಡದ್ದು ಮಳೆಗೆ, ಬಿಸಿಲಿಗೆ, ಕಾಡುಪ್ರಾಣಿಗಳಿಗೆ ಹೆದರಿ ಎಂದು ಶಾಲೆಯಲ್ಲಿ ಕಲಿಸಿದ್ದರು. ಐವತ್ತು ದಾಟಿದ ಮೇಲೆ ನನಗೆ ಅದರಲ್ಲಿ ಅನುಮಾನ ಹುಟ್ಟಿದೆ. ಹೊತ್ತು ಮುಳುಗಿದ ಕೂಡಲೇ ‘ನಾನು ಇಲ್ಲಿ ಮಲಗಬಹುದೇ’ ಎಂದು ದಿನಾಲು ಇನ್ನೊಬ್ಬರ ಮುಂದೆ ಹಲ್ಲು ಗಿಂಜುವ ತಾಪತ್ರಯ ತಪ್ಪಲಿ ಎಂದೇ ಅವನು ನಾಲ್ಕು ಗೋಡೆ ಎಬ್ಬಿಸಿರಬೇಕು. ಬೆಟಗೇರಿಯಲ್ಲಿ ನನಗೂ ನಾಲ್ಕು ಗೋಡೆಗಳಿವೆ. ಮೇಲೆ ಆರ್‌ಸಿಸಿ ಇದೆ, ಒಳಗೆ ಫ್ಯಾನಿದೆ, ಫ್ಯಾನಿನ ಕೆಳಗೆ ಮಂಚವಿದೆ. ಇಷ್ಟಿದ್ದೂ ಮೇಲೆ ಹೇಳಿದ ತಾಪತ್ರಯವನ್ನು ಕೈಯಾರೆ ಮೈಮೇಲೆ ಎಳೆದುಕೊಂಡವನು ನಮ್ಮ ಓಣಿಯಲ್ಲಿ ನಾನೊಬ್ಬನೇ.

ನನ್ನದೊಂದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ ಅಚ್ಚು ಹಾಕುವುದು ಕೆಲಸ. ಊರೂರಿಗೆ ಹೋಗಿ ಮದುವೆ ಮಾಡಿಕೊಳ್ಳುವವರ ವಿಳಾಸವನ್ನು ಜೀವಮಾನವೆಲ್ಲ ಅಚ್ಚು ಹಾಕಿ ಹಾಕಿ, ಆ ಊರುಗಳನ್ನೆಲ್ಲ ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಹುಚ್ಚು ಹಿಡಿಯಿತು. ಹುಚ್ಚು ಅಷ್ಟಕ್ಕೇ ನಿಲ್ಲದೆ, ಒಂದು ಹಳೆಯ ಆಂಬುಲೆನ್ಸ್ ಕೊಂಡು ತಂದೆ. ಒಳಗೆ ಮಂಚ ಬಡಿಸಿದೆ, ಗ್ಯಾಸಿನ ಸಣ್ಣ ಒಲೆ ಇಟ್ಟೆ, ನೀರಿನ ಕ್ಯಾನು ಕಟ್ಟಿದೆ, ಕಿಟಕಿಗೆ ಹೂವಿನ ಪರದೆ ಹಾಕಿಸಿದೆ. ಬಿಳಿ ಬಣ್ಣವನ್ನು ಎರಡು ಕೈ ಬಳಿಸಿದರೂ ಗಾಡಿಯ ಹಣೆಯ ಮೇಲೆ ‘ಆಂಬುಲೆನ್ಸ್’ ಎಂದು ಬರೆದ ಉಲ್ಟಾ ಅಕ್ಷರಗಳು ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಕೆಂಪಗೆ ಎದ್ದು ಕಾಣುತ್ತಿದ್ದವು. ನನ್ನ ಹೆಂಡತಿ ಸುಮಿತ್ರಾ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, “ಇದರಾಗ ಮಲಗಿ ಹೋದವರು ಎಷ್ಟ ಮಂದಿ ಎದ್ದು ಮನಿಗೆ ಬಂದಾರ, ಅದನ್ನ ಕೇಳಿ ತೊಗೊಂಡೀರೇನು?” ಎಂದಳು. ನಾನು ಕೇಳಿರಲಿಲ್ಲ. ವ್ಯಾಪಾರದಲ್ಲಿ ಅಂಥ ಪ್ರಶ್ನೆಗೆ ಜಾಗವಿಲ್ಲ ಎಂದು ಸುಮ್ಮನಾದೆ.

ನಾನು ಸ್ವಭಾವತಃ ನಿಯಮದ ಮನುಷ್ಯ, ಮೇಲೆ ಸ್ವಲ್ಪ ಸಿಡುಕ. ಗುಡ್ಡದ ಬುಡದಲ್ಲಿ ಊಟ ಮಾಡಿ ತಟ್ಟೆ, ಬಾಟಲಿ ಬಿಸಾಕಿ ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದ್ದರಿಂದ ಗಾಡಿಯಲ್ಲಿ ಮಲಗುವುದಕ್ಕೆ ನಾನೇ ಕಟ್ಟುನಿಟ್ಟು ಮಾಡಿಕೊಂಡೆ. ದನ ನೀರು ಕುಡಿಯುವ ಕೆರೆಯ ಹತ್ತಿರ ನಿಲ್ಲಬಾರದು. ಬಂಡಿ ದಾರಿಗೆ ಅಡ್ಡ ನಿಲ್ಲಬಾರದು. ಬಿತ್ತಿದ ಹೊಲದಲ್ಲಿ, ರಾಶಿ ಮಾಡುವ ಕಣದಲ್ಲಿ ಚಕ್ರ ಇಡಬಾರದು. ಪಾತ್ರೆ ತೊಳೆದ ನೀರನ್ನೂ ಡಬ್ಬಿಯಲ್ಲಿ ತುಂಬಿ ಮನೆಗೆ ತರಬೇಕು. ನಿಂತ ಜಾಗವನ್ನು, ನಾವು ಬರುವ ಮೊದಲು ಇದ್ದದ್ದಕ್ಕಿಂತ ಚೊಕ್ಕಟ ಮಾಡಿ ಬಿಡಬೇಕು. ಎಲ್ಲಕ್ಕಿಂತ ಮೇಲೆ, ಆ ನೆಲ ಯಾರದೋ ಅವರನ್ನು ಕೇಳದೆ ಒಂದು ರಾತ್ರಿಯೂ ಮಲಗಬಾರದು. ಈ ನಿಯಮಗಳನ್ನೆಲ್ಲ ನಾನು ಹೇಳಿ ಮುಗಿಸಿದಾಗ ಸುಮಿತ್ರಾ, “ಇಷ್ಟೆಲ್ಲಾ ಮಾಡೂದಿತ್ತಂದ್ರ ಮನ್ಯಾಗ ಮಲಗಿದ್ರ ಆಗತಿತ್ತು” ಎಂದಳು. ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿನವರೆಗೂ ಆಗಿಲ್ಲ.

ನಿಯಮಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕೇಳುವುದೇ ಎಂಬುದು ಮೊದಲ ಪ್ರಯಾಣದಲ್ಲೇ ಗೊತ್ತಾಯಿತು. ಜನ ಬೇಡ ಎನ್ನುತ್ತಾರೆ ಎಂದಲ್ಲ, ಇರಿ ಎನ್ನುತ್ತಾರೆ. ನಮ್ಮ ಕಡೆಯವರಿಗೆ ‘ಇರ್ರಿ’ ಎಂದು ಸುಮ್ಮನೆ ಬಿಡುವುದು ಗೊತ್ತಿಲ್ಲ. ಹೊಂಬಳದ ಆಚೆ ಒಬ್ಬ ಶೇಂಗಾ ಹೊಲದವರನ್ನು, “ಅಣ್ಣಾರ, ನಿಮ್ಮ ಹೊಲದ ಬದುವಿನ ಬಾಜೂಕ ಗಾಡಿ ಹಚ್ಚಿ ಮಲಗ್ತೀವ್ರಿ” ಎಂದು ಕೇಳಿದೆ. ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಗಾಡ್ಯಾಗ ಯಾಕ ಮಲಗ್ತೀರಿ, ಮನಿ ಬಿದ್ದು ಹೋಗೇತೇನು ನಮ್ದು?” ಎಂದು ಸಿಟ್ಟಾದರು. ರೊಟ್ಟಿ, ಎಣ್ಣೆಗಾಯಿ, ಮೊಸರು ತಿಂದು, ಅವರ ಪಡಸಾಲೆಯಲ್ಲಿ ಅವರದೇ ಕೌದಿ ಹೊದ್ದು ಮಲಗಿದೆವು. ಗಾಡಿ ಹೊರಗೆ ಒಂದೇ ಮಲಗಿತ್ತು. ಅಡರಕಟ್ಟಿಯಲ್ಲಿ ಹಾಗೇ ಆಯಿತು. ಶಿಗ್ಲಿಯಲ್ಲಿ ಊಟದ ಜೊತೆಗೆ ಸುಮಿತ್ರಾಗೆ ಒಂದು ಕುಪ್ಪಸದ ಖಣವೂ ಬಂತು. ಗಾಡಿಯೊಳಗಿನ ಹೊಸ ಹಾಸಿಗೆಯ ಪ್ಲಾಸ್ಟಿಕ್ ಚೀಲವನ್ನೇ ನಾವಿನ್ನೂ ಹರಿದಿರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಇನ್ನೊಂದು ತೊಡಕು ಬಂತು. ಒಂದು ಮನೆಯ ಪಕ್ಕದ ಖಾಲಿ ಜಾಗ ನೋಡಿ, ಮನೆಯವರನ್ನು ಕೇಳೋಣವೆಂದು ಬಾಗಿಲ ಮುಂದೆ ಗಾಡಿ ನಿಲ್ಲಿಸಿದೆ. ಸಂಜೆಯ ಬಿಸಿಲು ಸರಿಯಾಗಿ ಗಾಡಿಯ ಹಣೆಗೆ ಬಿದ್ದಿತ್ತು. ಒಳಗಿನಿಂದ ಬಂದ ಹೆಣ್ಣುಮಗಳು ಅಕ್ಷರ ನೋಡಿದಳು, ಬಾಯಿಗೆ ಸೆರಗು ಹಿಡಿದಳು, ನಾನು ಇಳಿಯುವುದರೊಳಗೆ ಹೊಸ್ತಿಲಲ್ಲೇ ಕುಸಿದಳು. ಹುಬ್ಬಳ್ಳಿಯ ದವಾಖಾನೆಯಲ್ಲಿದ್ದ ತನ್ನ ಮಾವನವರ ಶವವನ್ನು ನಾವು ತಂದಿದ್ದೇವೆಂದು ತಿಳಿದಿದ್ದಳು. ಮಾವನವರು ಆರಾಮ ಇದ್ದಾರೆಂದು ಫೋನಿನಲ್ಲಿ ಖಾತ್ರಿಯಾಗುವ ತನಕ ಓಣಿಯ ಹೆಂಗಸರೆಲ್ಲ ನನ್ನನ್ನು ನೋಡಿದ ನೋಟ ಮಾತಿನಲ್ಲಿ ಹೇಳುವಂಥದ್ದಲ್ಲ. ಆ ರಾತ್ರಿಯೇ ನಾನು ನಿರ್ಧರಿಸಿದೆ: ಇನ್ನು ಮುಂದೆ ಮನೆ, ಓಣಿ, ಊಟ ಯಾವುದೂ ಬೇಡ. ಒಬ್ಬ ಯಜಮಾನ ಇರಬೇಕು, ಅವನು ‘ಇರ್ರಿ’ ಎನ್ನಬೇಕು, ಹೊರಟು ಹೋಗಬೇಕು. ಅಂಥ ಒಂದು ಜಾಗ ಸಿಕ್ಕರೆ ಸಾಕು.

ಆಷಾಢದ ಒಂದು ಮಂಗಳವಾರ ಶಿರಹಟ್ಟಿಯಿಂದ ಮುಂಡರಗಿಯ ಕಡೆ ಹೊರಟೆವು. ಮಳೆ ಬಿಡುವು ಕೊಟ್ಟಿತ್ತು, ಗಾಳಿ ಕೊಟ್ಟಿರಲಿಲ್ಲ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಒಂದೇ ಸಮನೆ ತಿರುಗುತ್ತಿದ್ದವು. ದೊಡ್ಡ ರಸ್ತೆಯ ಗದ್ದಲ ಬೇಡವೆಂದು ಒಂದು ಒಳದಾರಿ ಹಿಡಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಊರು ಕಂಡಿತು. ಅದರ ಹೆಸರು ನಾನು ಹೇಳುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಊರ ಬಾಯಲ್ಲಿ, ದಾರಿಗೆ ಅಡ್ಡಲಾಗಿ ದೊಡ್ಡದೊಂದು ಜಾಲಿ ಮುಳ್ಳಿನ ಕಂಟಿ ಬಿದ್ದಿತ್ತು. ಹೋಗಿ ಬರುವವರ ಕಾಳಜಿ ಯಾರಿಗೂ ಇಲ್ಲ ಎಂದು ಗೊಣಗುತ್ತ ನಾನು ಇಳಿದು ಅದನ್ನು ಎಳೆದು ಬದಿಗಿಟ್ಟೆ, ಕಾಲಿಗೆ ತಾಗದಂತೆ ಗಿಡದ ಬುಡಕ್ಕೆ ಒತ್ತಿದೆ. ದಾರಿಯ ಮೇಲೆ ಬೂದಿಯದೊಂದು ಗೆರೆಯೂ ಇತ್ತು. ಅದರ ಮೇಲೆ ಗಾಡಿ ದಾಟಿಸಿದೆ.

ಊರಿನಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತು ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ, ನಿಜ. ಆದರೆ ಹೊಲಕ್ಕೆ ಹೋಗಲಾರದ ಮುದುಕರು ಕಟ್ಟೆಯ ಮೇಲಿರುತ್ತಾರೆ, ಕಟ್ಟೆಯ ಕೆಳಗೆ ನಾಯಿ ಇರುತ್ತದೆ. ಇಲ್ಲಿ ಕಟ್ಟೆ ಮಾತ್ರ ಇತ್ತು. ಪ್ರತಿ ಬಾಗಿಲಿಗೂ ಕೀಲಿ ಜಡಿದಿತ್ತು, ಪ್ರತಿ ಕೀಲಿಗೂ ಬೇವಿನ ತಪ್ಪಲು ಸಿಕ್ಕಿಸಿತ್ತು. ದನದ ಗೂಟಗಳಿದ್ದವು, ದನಗಳಿರಲಿಲ್ಲ. ಕೋಳಿ ಬುಟ್ಟಿಗಳು ಬೋರಲು ಬಿದ್ದಿದ್ದವು, ಒಂದು ಕೋಳಿಯೂ ಕೂಗಲಿಲ್ಲ. ಕಿರಾಣಿ ಅಂಗಡಿಯ ಬಾಗಿಲು ಇಳಿದಿತ್ತು. ಯಾರ ಮನೆಯಲ್ಲೂ ಟಿವಿ ಇಲ್ಲ, ಒಗ್ಗರಣೆಯ ವಾಸನೆ ಇಲ್ಲ. ಒಂದು ಮನೆಯ ಪಡಸಾಲೆಯಲ್ಲಿ ಸೀರೆಯ ತೊಟ್ಟಿಲೊಂದು ಬರಿದೇ ತೂಗುತ್ತಿತ್ತು. ಗಾಳಿಗೆ, ಎಂದೆ ನಾನು. ಗಾಳಿ ಆ ಕಡೆಯಿಂದ ಬೀಸುತ್ತಿಲ್ಲ ಎಂದಳು ಸುಮಿತ್ರಾ. ನಾನು ಓಣಿ ಓಣಿ ತಿರುಗಿ, “ಯಾರದೀರ್ರಿ? ಒಂದ ಮಾತು ಕೇಳೂದಿತ್ರಿ” ಎಂದು ಕೂಗಿದೆ. ನನ್ನ ದನಿ ಹೋಗಿ ಊರಬಾಗಿಲ ಅಗಸಿಗೆ ಬಡಿದು ವಾಪಸು ನನ್ನ ಹತ್ತಿರವೇ ಬಂತು. ಕೊನೆಗೆ ಗುಡಿಯ ಕಡೆ ಹೋದೆ. ಪೂಜಾರಿಯಾದರೂ ಇರುತ್ತಾನಲ್ಲ. ಬಾಗಿಲು ತೆರೆದಿತ್ತು. ಒಳಗೆ ಬಗ್ಗಿ ನೋಡಿದರೆ ದೇವಿ ಕೂಡುವ ಜಾಗವೇ ಖಾಲಿ. ಕಲ್ಲಿನ ಮೇಲೆ ಆಕೆ ಕೂತಿದ್ದ ಗುರುತು ಮಾತ್ರ ಎಣ್ಣೆಯಿಂದ ಮಿರುಗುತ್ತಿತ್ತು. ಊರಿನ ದೇವರೇ ಊರು ಬಿಟ್ಟುಹೋದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ಹೆದರಿಕೆಯಾಯಿತು.

“ಹೋಗೂಣು ನಡ್ರಿ, ಇದ್ಯಾಕೋ ಬರೋಬ್ಬರಿ ಇಲ್ಲ” ಎಂದಳು ಸುಮಿತ್ರಾ. ಹೆದರಿದ ಗಂಡಸು ಹೆಂಡತಿಯ ಮುಂದೆ ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ, ಧೈರ್ಯ ತೋರಿಸಿದೆ. ಗುಡಿಯ ಮುಂದಿನ ಬಯಲು ಗಟ್ಟಿ ನೆಲ, ಸಮತಟ್ಟು, ಯಾರ ಬೆಳೆಯೂ ಇಲ್ಲ, ಯಾರ ದಾರಿಯೂ ಅಲ್ಲ. ಇಂಥ ಜಾಗಕ್ಕಾಗಿ ನಾನು ಎಷ್ಟು ದಿನದಿಂದ ಹುಡುಕುತ್ತಿದ್ದೆ. ಮಂದಿ ಸಂಜೆಗೆ ಬಂದೇ ಬರುತ್ತಾರೆ, ಬಂದ ಕೂಡಲೇ ಕೇಳಿದರಾಯಿತು, ಅಲ್ಲಿಯವರೆಗೆ ಒಂದು ಚಹಾ ಕುಡಿಯೋಣ ಎಂದೆ. ಆಕೆ ಮುಖ ಗಂಟಿಕ್ಕಿಕೊಂಡೇ ಒಲೆ ಹಚ್ಚಿದಳು. ಗುಡಿಯ ಮುಂದೆ ಬೇವಿನ ಎಲೆ, ಒಡೆದ ಕಾಯಿಯ ಚೂರು, ಅರಿಷಿಣ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದವು. ಚಹಾ ಕುದಿಯುವುದರೊಳಗೆ ನಾನು ಅದನ್ನೆಲ್ಲ ಗುಡಿಸಿ ನಮ್ಮ ಕಸದ ಚೀಲಕ್ಕೆ ತುಂಬಿದೆ. ಜಾಗ ಕನ್ನಡಿಯ ಹಾಗೆ ಆಯಿತು. ಬೆಳಗ್ಗೆ ಶಿರಹಟ್ಟಿಯಲ್ಲಿ ತಲೆಗೆ ಎರೆದುಕೊಂಡಿದ್ದ ಸುಮಿತ್ರಾ ಒದ್ದೆ ಆರಲಿ ಎಂದು ಕೂದಲು ಬಿಚ್ಚಿ ಹರಡಿಕೊಂಡು ಕೂತಳು. ಉಟ್ಟದ್ದು ಹಸಿರು ಸೀರೆ. ಈ ವಿವರಗಳೆಲ್ಲ ಆಗ ನನಗೆ ದೊಡ್ಡವೆನಿಸಲಿಲ್ಲ.

ಹೊತ್ತು ಮುಳುಗುತ್ತ ಬಂತು. ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಮ್ಮೆಲೇ ಹತ್ತಿ ಒಮ್ಮೆಲೇ ಆರತೊಡಗಿದವು. ನಾನು ಗಾಡಿಯೊಳಗಿನ ಬಲ್ಬು ಹಾಕಿ ಹೊರಗೆ ನೋಡಿದೆ. ಅಗಸಿಯ ಆಚೆ ಜನ ನಿಂತಿದ್ದರು. ಊರಿಗೆ ಊರೇ ನಿಂತಿತ್ತು. ಗಂಡಸರು, ಹೆಂಗಸರು, ಸೊಂಟದ ಮೇಲೆ ಕೂಸು, ತಲೆಯ ಮೇಲೆ ಬೋಗುಣಿ, ಹಗ್ಗದಲ್ಲಿ ಆಡು, ಬುಟ್ಟಿಯಲ್ಲಿ ಕೋಳಿ. ಅಷ್ಟು ಜನರಿದ್ದರೂ ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ. ನಾಯಿಗಳೂ ಬಾಯಿ ಮುಚ್ಚಿಕೊಂಡಿದ್ದವು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಗಾಡಿ ಹತ್ತಿ ಓಡಬೇಕಿತ್ತು. ಆದರೆ ನಿಯಮದ ಮನುಷ್ಯನಿಗೆ ಒಂದು ದುಶ್ಚಟವಿರುತ್ತದೆ. ಏನೇ ಆದರೂ ಅವನು ನಿಯಮ ಪಾಲಿಸುತ್ತಾನೆ. ನಾನು ಬಯಲಿನ ನಡುವೆ ಬಂದು ನಿಂತು, ಎರಡೂ ಕೈ ಮುಗಿದು, ಆದಷ್ಟು ವಿನಯದಿಂದ ಕೇಳಿದೆ: “ನಿಮ್ಮೂರಾಗ ಇವತ್ತೊಂದಿನ ಇರ್ಲೇನ್ರಿ?”

ಇಡೀ ಊರು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಗಾಡಿಯೊಳಗೆ ಒಬ್ಬಳೇ ಕೂತಿರಲು ಧೈರ್ಯ ಸಾಲದೆ ಸುಮಿತ್ರಾ ನನ್ನ ಹಿಂದೆಯೇ ಇಳಿದು ಬಂದು ನಿಂತಳು. ಬೆನ್ನ ಹಿಂದೆ ಬಲ್ಬಿನ ಬೆಳಕು, ಬಿಚ್ಚಿದ ಕೂದಲು, ಹಸಿರು ಸೀರೆ. ಆಕೆಯನ್ನು ಕಂಡು ಮುಂದಿನ ಸಾಲಿನ ಹೆಂಗಸರು ನೆಲಕ್ಕೆ ಹಣೆ ಹಚ್ಚಿದರು. ಗುಂಪಿನಿಂದ ಒಬ್ಬ ಹಿರಿಯರು ಮಾತ್ರ ಮುಂದೆ ಬಂದರು. ತಲೆಗೆ ಬಿಳಿ ಪಟಗ, ಕೈಯಲ್ಲಿ ಬೇವಿನ ಟೊಂಗೆ. ನನ್ನ ಹತ್ತಿರ ಬಂದವರು ಗಾಡಿಯ ಚಕ್ರ ನೋಡಿದರು, ಚಹಾದ ಕಪ್ಪು ನೋಡಿದರು, ಆಮೇಲೆ ತುಟಿ ಅಲ್ಲಾಡಿಸದೆ ಕೇಳಿದರು, “ಯಾವೂರಾವ್ರಿ ನೀವು?”

“ಬೆಟಗೇರ್ಯಾವ್ರಿ.”

“ಒಲಿ ಹಚ್ಚೀರೇನು?”

“ಚಾ ಮಾಡಿಕೊಂಡೇವ್ರಿ. ಯಾರೂ ಇದ್ದಿಲ್ಲ, ನೀವು ಬಂದ ಮ್ಯಾಲೆ ಕೇಳಿದ್ರಾತು ಅಂತ…”

ಅವರು ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಸಣ್ಣ ದನಿಯಲ್ಲಿ ಹೇಳಿದರು: “ಊರಾಗ ಹುಡುಗರಿಗೆ ಜ್ವರ ಬಿಡವಲ್ದು. ದವಾಖಾನಿಗೂ ತೋರಿಸೇವಿ, ಇದನ್ನೂ ಮಾಡೇವಿ. ಜಡ್ಡಿನ ಅವ್ವನ್ನ ಸೀಮಿ ದಾಟಸಾಕ ಐದ ಮಂಗಳಾರ ಹೊರಬೀಡು ಹಿಡಿದೇವಿ. ಊರದೇವಿನ್ನೂ ಕರಕೊಂಡು ಹೊರಗ ಹೋಗಿ, ಹೊರಗ ಉಣ್ಣೂದು. ಹೊತ್ತು ಮುಣಗೂತನ ಊರಾಗ ಒಲಿ ಹೊತ್ತಬಾರದು, ಹೊರಗಿನ ಮನಷ್ಯಾ ಕಾಲಿಡಬಾರದು. ಇವತ್ತ ಕಡೀ ವಾರ ಇತ್ತು. ನೀವು ಮನಷ್ಯಾರು ಅಂತ ಗೊತ್ತಾತಂದ್ರ ಮತ್ತ ಮೊದಲಿಂದ ಐದ ವಾರ. ಕೂಲಿ ಬಿಟ್ಟು ಕುಂತ ಮಂದಿ, ಇನ್ನ ತಡಿಯೂದಿಲ್ಲ. ಆ ತಾಯಿಗೋಳ ಮಾರಿ ನೋಡ್ರಿ.” ನಾನು ನೋಡಿದೆ. ನೋಡಬಾರದಿತ್ತು. ಅವರ ಮುಖದಲ್ಲಿ ನನ್ನ ಬಗ್ಗೆ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿ ಬೇಡಿಕೆ ಇತ್ತು. ನಾನು ಎಳೆದುಹಾಕಿದ ಮುಳ್ಳು, ದಾಟಿದ ಬೂದಿ, ಗುಡಿಸಿದ ನಿಂಬೆಹಣ್ಣು ಎಲ್ಲ ಒಂದೊಂದಾಗಿ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. “ಈಗ ಏನ್ ಮಾಡೂದ್ರಿ?” ಎಂದೆ. “ಮಾತಾಡಬ್ಯಾಡ್ರಿ. ಕೊಟ್ಟದ್ದ ಇಸಗೊಳ್ರಿ. ಹೊಳ್ಳಿ ನೋಡದ ಹೋಗಿಬಿಡ್ರಿ” ಎಂದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಊರಿಗೆಲ್ಲ ಕೇಳುವಂತೆ ದನಿ ಎತ್ತಿದರು: “ಇಲ್ಲವ್ವ, ಇಲ್ಲಿ ಜಾಗ ಇಲ್ಲ. ನಿನ್ನ ಮಾನ ನಿನಗ ಮಾಡೇವಿ. ನಮ್ಮ ಕೂಸುಗಳನ್ನ ಬಿಟ್ಟು ಹೋಗಿ ಬಾರವ್ವ.” ಕೇಳಿದವನು ನಾನು, ಅವರು ಉತ್ತರ ಕೊಟ್ಟದ್ದು ನನ್ನ ಭುಜದ ಆಚೆ ನೋಡುತ್ತ.

ಒಬ್ಬ ಸಣ್ಣ ಪ್ರಾಯದ ತಾಯಿ, ಹೆಗಲ ಮೇಲೆ ಕೂಸು ಹಾಕಿಕೊಂಡೇ ಬಂದು ಸುಮಿತ್ರಾಳ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಬಳೆ. ಅವಸರದಲ್ಲಿ ಅರ್ಧ ಅಕ್ಕಿ ಕೆಳಗೆ ಚೆಲ್ಲಿತು. ಸುಮಿತ್ರಾ ಸಾಮಾನ್ಯವಾಗಿ ನಾನು ಹೇಳಿದ್ದನ್ನು ಕೇಳುವವಳಲ್ಲ, ಹಿರಿಯರು ಹೇಳಿದ್ದನ್ನು ಮಾತ್ರ ಅಕ್ಷರಶಃ ಪಾಲಿಸಿದಳು, ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಸೆರಗಿನಲ್ಲಿ ಉಡಿ ಹಿಡಿದುಕೊಂಡವಳು ಇನ್ನೊಂದು ಕೈಯನ್ನು ಆ ಕೂಸಿನ ಹಣೆಯ ಮೇಲೆ ಇಟ್ಟಳು, ನಮ್ಮ ಮನೆಯ ಮಕ್ಕಳಿಗೆ ಜ್ವರ ಬಂದಾಗ ಇಡುತ್ತಿದ್ದ ಹಾಗೆಯೇ. ತಾಯಿ ಅಳತೊಡಗಿದಳು. ನಾವು ಗಾಡಿ ಹತ್ತಿದೆವು. ಒಬ್ಬ ಮುದುಕಿ ಮಾತ್ರ ಸುತ್ತು ಹಾಕಿ ಗಾಡಿಯ ಹಿಂದೆ ಹೋಗಿ, ಹಿಂಬಾಗಿಲಿನ ಕಿಟಕಿಗೆ ಬಹಳ ಹೊತ್ತು ಕೈ ಮುಗಿದು ನಿಂತದ್ದು ಕನ್ನಡಿಯಲ್ಲಿ ಕಂಡಿತು. ಗಾಡಿಗೆ ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡೆ. ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಸೀಮೆಯ ಕಲ್ಲು ದಾಟಿದ ಮೇಲೆ ಹಿಂದೆ ಹಲಗಿ ಬಡಿಯುವ ಸದ್ದು ಕೇಳಿತು, ಅದರ ಜೊತೆಗೆ ನಾಯಿಗಳೂ ಒಮ್ಮೆಲೇ ಬೊಗಳತೊಡಗಿದವು. ಊರೂರಿನಲ್ಲಿ ಇರ್ರಿ ಇರ್ರಿ ಎಂದು ಕೈ ಹಿಡಿದು ಎಳೆಸಿಕೊಂಡ ನಾನು, ಹಲಗಿ ಬಡಿಸಿಕೊಂಡು ಊರು ಬಿಟ್ಟದ್ದು ಅದೇ ಮೊದಲು.

ಆ ರಾತ್ರಿ ಮುಂಡರಗಿಯಲ್ಲಿ ಒಂದು ಪೆಟ್ರೋಲ್ ಬಂಕಿನವರನ್ನು ಕೇಳಿ, ಕಣ್ಣು ಕುಕ್ಕುವ ದೀಪದ ಕೆಳಗೆ ಗಾಡಿ ಹಚ್ಚಿದೆವು. ಕಡೆಗೂ ಗಾಡಿಯಲ್ಲೇ ಮಲಗಿದೆವು, ಇಬ್ಬರಿಗೂ ನಿದ್ದೆ ಬರಲಿಲ್ಲ. ಬೆಳಗ್ಗೆ ಚಹಾದ ಅಂಗಡಿಗೆ ಹೋದರೆ ಸುದ್ದಿ ನಮಗಿಂತ ಮೊದಲೇ ಬಂದು ಕೂತಿತ್ತು. ಹಾಲು ಹಾಕಲು ಬಂದವನೊಬ್ಬ ಹೇಳುತ್ತಿದ್ದ: “ಅವ್ವ ಖರೇನ ಹೊಂಟು ಹೋದ್ಲಂತ್ರಿ. ಹೋಗಾಕ ಮನಸಿದ್ದಿಲ್ಲ, ಇವತ್ತೊಂದಿನ ಇರ್ಲೇನು ಅಂತ ಕೇಳಿದ್ಲಂತ. ಹಿರ್ಯಾರು ಒಪ್ಪಲಿಲ್ಲ. ರಾತ್ರೀನ ಉಡಿ ತುಂಬಿದಾಕಿ ಕೂಸಿನ ಜ್ವರ ಇಳದು, ಮುಂಜಾನೆದ್ದು ರೊಟ್ಟಿ ಬೇಡೇತಂತ.” ಸುಮಿತ್ರಾ ಕಪ್ಪು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ದವಾಖಾನೆಯ ಗುಳಿಗೆಯೂ ಕೆಲಸ ಮಾಡಿರಬೇಕು ಎಂದು ಆಕೆಯ ಕಿವಿಯಲ್ಲಿ ಹೇಳಿದೆ, ಆಕೆ ಕೇಳಿಸಿಕೊಳ್ಳಲಿಲ್ಲ. ಅಲ್ಲಿಗೇ ಎದ್ದು ಬರಬೇಕಿತ್ತು. ಆದರೆ ನನ್ನ ಪಾತ್ರ ಹೇಗೆ ಬಂದಿದೆ ಎಂದು ತಿಳಿಯುವ ಆಸೆ ನೋಡಿ. “ಜೋಡಿ ಯಾರರೆ ಇದ್ದರಂತೇನ್ರಿ?” ಎಂದು ಕೇಳಿದೆ. “ಇದ್ದರಂತ್ರಿ. ಬಿಳೇ ಗಾಡಿ. ಅದನ್ನ ಹೊಡಿಯಾಕ ಒಬ್ಬ ಬೊಕ್ಕತಲಿ ಆಳು, ಉಡಿ ಇಸಗೊಳ್ಳಾಕ ಒಬ್ಬಾಕಿ ಜೋಗತಿ, ಹಿಂದ ಪರದೇದಾಗ ಅವ್ವ ಕುಂತಿದ್ಲಂತ.”

ನಾವು ಮಾತಾಡದೆ ಗದಗಿಗೆ ಬಂದು, ಬೆಟಗೇರಿ ಸೇರಿದೆವು. ಈಗ ನಾವಿಬ್ಬರೇ ಇರುವ ಮನೆ ಮುಟ್ಟಿದ ಮೇಲೆ ನನಗೆ ನಾಲಗೆ ಬಂತು. ಸಂಜೆಯ ಮಬ್ಬುಗತ್ತಲು, ಹೆದರಿದ ಮಂದಿ, ಹಿಂದಿನ ಮಂಚದ ಮೇಲೆ ಸುತ್ತಿಟ್ಟ ಹಾಸಿಗೆ, ಅದರ ಮೇಲೆ ಪರದೆಯ ನೆರಳು. ಇಬ್ಬರು ಮೂವರಾಗಿ ಕಾಣಲು ಇನ್ನೇನು ಬೇಕು ಎಂದು ಸುಮಿತ್ರಾಗೆ ವಿವರವಾಗಿ ತಿಳಿಸಿ ಹೇಳಿದೆ. ಆಕೆ ಉಡಿಯ ಅಕ್ಕಿ ಆರಿಸುತ್ತಿದ್ದಳು. ಉಡಿ ಅಕ್ಕಿ ಚೆಲ್ಲಬಾರದು, ಹುಗ್ಗಿ ಮಾಡಿ ಉಣ್ಣಬೇಕು ಎಂದು ಒಳಗೆ ಹೋದಳು. ನನ್ನ ವಿವರಣೆ ಅಡುಗೆ ಮುಗಿಯುವ ತನಕ ನಡೆಯಿತು, ಅದರಲ್ಲಿ ಒಂದು ಕೊರತೆಯೂ ನನಗೆ ಕಾಣಲಿಲ್ಲ. ಹುಗ್ಗಿಯ ಬೋಗುಣಿ ತರುತ್ತೇನೆ, ತಟ್ಟೆ ಹಾಕ್ರಿ ಎಂದು ಆಕೆ ಒಳಗಿನಿಂದ ಕೂಗಿದಳು. ಮಾತಾಡುತ್ತಲೇ ತಟ್ಟೆ ಹಾಕಿದೆ. ಆಕೆ ಬೋಗುಣಿ ತಂದಿಟ್ಟು ತಟ್ಟೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮೂರನೆಯ ತಟ್ಟೆಗೆ ಮೊದಲು ಬಡಿಸಿದಳು.